ಕಾರು ತೊಳೆಯುವ ಯಂತ್ರ: ರಿಲೇ ಕಾರ್ಡ್ ಪದೇ ಪದೇ ಹೋಗುತ್ತಿದೆ, ಕಾರಣ ಹುಡುಕಲು ಸಹಾಯ ಬೇಕು

ತೊಳೆಮನೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಕಮಾನಿನ ಯಂತ್ರ. ಕಾರು ನಿಂತಲ್ಲೇ ನಿಂತಿರುತ್ತದೆ, ಬ್ರಷ್ ಇರುವ ಕಮಾನು ಹಳಿಯ ಮೇಲೆ ಹಿಂದೆ ಮುಂದೆ ಓಡುತ್ತದೆ. ಪ್ಯಾನೆಲ್ ಒಳಗೆ ಒಂದು ಪಿಎಲ್‌ಸಿ (ಯಂತ್ರವನ್ನು ಪ್ರೋಗ್ರಾಂ ಪ್ರಕಾರ ಓಡಿಸುವ ಚಿಕ್ಕ ಕಂಪ್ಯೂಟರ್), ಅದರ ಕೆಳಗೆ ಎಂಟು ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಸೇರುವ ಸ್ವಿಚ್) ಇರುವ ಕಾರ್ಡ್. ರಿಲೇ ಕಾಯಿಲ್ 24 ವೋಲ್ಟ್ ಡಿಸಿ. ಕಾರ್ಡಿನಿಂದ ನೀರು, ನೊರೆ, ವ್ಯಾಕ್ಸ್ ವಾಲ್ವ್‌ಗಳಿಗೆ 24 ವೋಲ್ಟ್ ಎಸಿ ಹೋಗುತ್ತದೆ. ಪಂಪಿನ ಕಾಂಟ್ಯಾಕ್ಟರ್‌ಗೆ (ಮೋಟಾರ್ ಆನ್ ಮಾಡುವ ದೊಡ್ಡ ರಿಲೇ) ಮತ್ತು ಬ್ರಷ್ ಕಾಂಟ್ಯಾಕ್ಟರ್‌ಗಳಿಗೆ 230 ವೋಲ್ಟ್ ಎಸಿ.

ಎಂಟು ತಿಂಗಳಲ್ಲಿ ಮೂರು ಕಾರ್ಡ್ ಹೋಗಿವೆ. ಪ್ರತಿ ಸಲ ಹೊಸದು ಹಾಕುತ್ತೇನೆ, ಎರಡೂವರೆ ತಿಂಗಳು ಚೆನ್ನಾಗಿ ನಡೆಯುತ್ತದೆ, ಮತ್ತೆ ಅದೇ ಕಥೆ. ನಿನ್ನೆ ಸಂಜೆ ಪ್ರೋಗ್ರಾಂ ಮುಗಿದ ಮೇಲೂ ನೊರೆ ಸುರಿಯುತ್ತಲೇ ಇತ್ತು. ಪ್ಯಾನೆಲ್ ತೆಗೆದು ನೋಡಿದರೆ ಮೂರನೇ ರಿಲೇಯ ದೀಪ ಆರಿದೆ, ಆದರೆ ವಾಲ್ವ್ ಮಾತ್ರ ಆನ್. ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇ ಮೇಲೆ ಮೆಲ್ಲಗೆ ತಟ್ಟಿದೆ. ಟಕ್ ಅಂತ ಬಿಟ್ಟುಕೊಂಡಿತು. ಇವತ್ತು ಬೆಳಿಗ್ಗೆ ಮತ್ತೆ ಅಂಟಿಕೊಂಡಿದೆ.

ರಿಲೇ ಮೇಲೆ 10 ಆಂಪಿಯರ್, 250 ವೋಲ್ಟ್ ಅಂತ ಬರೆದಿದೆ. ವಾಲ್ವ್ ಎಳೆಯುವುದು ಒಂದು ಆಂಪಿಯರ್‌ಗಿಂತ ಕಡಿಮೆ. ಹಾಗಿದ್ದರೂ ಯಾಕೆ ಹೋಗುತ್ತಿದೆ? ಕಾರ್ಡೇ ಕಳಪೆಯಾ?

ತಾಮ್ರತಂತಿ:

ಸರ್, ಕಾರ್ಡ್ ಕಳಪೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ನೀವೇ ಒಂದು ಸುಳಿವು ಕೊಟ್ಟಿದ್ದೀರಿ. ದೀಪ ಆರಿದೆ, ಲೋಡ್ (ರಿಲೇ ಓಡಿಸುವ ವಸ್ತು, ಇಲ್ಲಿ ವಾಲ್ವ್) ಆನ್ ಇದೆ, ತಟ್ಟಿದರೆ ಬಿಡುತ್ತದೆ. ಅಂದರೆ ಕಾಯಿಲ್ ಸರಿ ಇದೆ, ಪಿಎಲ್‌ಸಿ ಸರಿ ಇದೆ, ಕಾಂಟ್ಯಾಕ್ಟ್ (ರಿಲೇ ಒಳಗೆ ಸೇರಿ ಬಿಡುವ ಲೋಹದ ತುದಿ) ಬೆಸುಗೆ ಆಗಿದೆ. ಕಾಂಟ್ಯಾಕ್ಟ್ ತಾನಾಗಿ ಬೆಸುಗೆ ಆಗುವುದಿಲ್ಲ. ಅದರ ಆಚೆ ಇರುವ ಲೋಡ್ ಬೆಸುಗೆ ಮಾಡುತ್ತದೆ.

ಹಳೆಯ ಮೂರು ಕಾರ್ಡ್ ಎಸೆದಿಲ್ಲ ತಾನೇ? ಮೂರನ್ನೂ ಮೇಜಿನ ಮೇಲೆ ಇಟ್ಟು ನೋಡಿ. ಯಾವ ಕಾರ್ಡಿನಲ್ಲಿ ಯಾವ ನಂಬರಿನ ರಿಲೇ ಹೋಗಿದೆ, ಅದು ಅಂಟಿಕೊಂಡು ಹೋಯಿತೋ ಅಥವಾ ಸೇರದೇ ಹೋಯಿತೋ, ಬರೆದು ಹಾಕಿ. ಪ್ರತಿ ಸಲ ಅದೇ ನಂಬರ್ ಹೋಗಿದ್ದರೆ ಹುಡುಕಬೇಕಾದ್ದು ಆ ತಂತಿಯ ತುದಿಯಲ್ಲಿ. ಬೇರೆ ಬೇರೆ ನಂಬರ್ ಹೋಗಿದ್ದರೆ ಪವರ್ ಸಪ್ಲೈ, ತೇವ, ಸಿಡಿಲು ಇತ್ಯಾದಿ ನೋಡಬೇಕು.

ಮತ್ತೊಂದು ಮಾತು. ಕರೆಂಟ್ ಇರುವಾಗ ರಿಲೇ ತಟ್ಟಬೇಡಿ. ಆ ಕಾರ್ಡಿನಲ್ಲಿ 230 ವೋಲ್ಟ್ ಇದೆ, ನಿಮ್ಮ ಕೈ ಒದ್ದೆ ಇರುತ್ತದೆ. ಮೇನ್ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಕೈ ಹಾಕಿ. ಇನ್ವರ್ಟರ್ ಡ್ರೈವ್ (ಮೋಟಾರಿನ ವೇಗ ಬದಲಿಸುವ ಪೆಟ್ಟಿಗೆ) ಇದ್ದರೆ ಆಫ್ ಮಾಡಿದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಅಂತ ಅದರ ಮೇಲೆಯೇ ಬರೆದಿರುತ್ತಾರೆ, ಅಷ್ಟು ಹೊತ್ತು ಕಾಯಿರಿ.

ಹೊಸಗಾಲಿ:

ನನಗೂ ಇದೇ ತೊಂದರೆ ಇತ್ತು ಅಣ್ಣ. 10 ಆಂಪಿಯರ್ ತೆಗೆದು 16 ಆಂಪಿಯರ್ ರಿಲೇ ಬೆಸುಗೆ ಹಾಕಿಸಿದೆ. ಆರು ತಿಂಗಳು ಬಂತು, ಆಮೇಲೆ ಅದೂ ಹೋಯಿತು. ಈಗ ಎಲ್ಲವನ್ನೂ ಸಾಲಿಡ್ ಸ್ಟೇಟ್ ರಿಲೇ ಮಾಡಿಸಿಬಿಡೋಣ ಅಂತಿದ್ದೇನೆ. ಅದರಲ್ಲಿ ಕಾಂಟ್ಯಾಕ್ಟೇ ಇಲ್ಲವಲ್ಲ, ಅಂಟಿಕೊಳ್ಳುವ ಮಾತೇ ಇಲ್ಲ ಅಲ್ವಾ?

ತಾಮ್ರತಂತಿ:

ಎಲ್ಲವನ್ನೂ ಮಾಡಿಸಬೇಡಿ. ಸಾಲಿಡ್ ಸ್ಟೇಟ್ ರಿಲೇ ಕೆಡುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆನ್ ಆಗಿಯೇ ಉಳಿಯುತ್ತದೆ. ನೊರೆ ವಾಲ್ವ್ ಆನ್ ಉಳಿದರೆ ನೊರೆ ಪೋಲಾಗುತ್ತದೆ, ಅಷ್ಟೇ. ಕಮಾನು ಓಡಿಸುವ ಕಾಂಟ್ಯಾಕ್ಟರ್ ಆನ್ ಉಳಿದರೆ ಕಾರಿನ ಗತಿ ಏನು? ಆಫ್ ಇದ್ದಾಗಲೂ ಅದರೊಳಗೆ ಕೆಲವು ಮಿಲಿಆಂಪಿಯರ್ ಸೋರುತ್ತಲೇ ಇರುತ್ತದೆ. ಚಿಕ್ಕ ರಿಲೇ ಕಾಯಿಲ್ ಇದ್ದರೆ ಅಷ್ಟಕ್ಕೇ ಬಿಡದೆ ಹಿಡಿದುಕೊಳ್ಳಬಹುದು. ಒಂದೆರಡು ಕಡೆಗೆ ಅದು ಸರಿಯಾದ ಮದ್ದು. ಎಲ್ಲ ಕಡೆಗೂ ಅಲ್ಲ. ಮೊದಲು ರೋಗ ಏನು ಅಂತ ನೋಡೋಣ.

ತೊಳೆಮನೆ:

ಮೂರೂ ಕಾರ್ಡ್ ಇಟ್ಟು ನೋಡಿದೆ. ಮೊದಲನೆಯದರಲ್ಲಿ 3ನೇ ರಿಲೇ ಅಂಟಿದೆ, ಅದು ನೊರೆ ವಾಲ್ವ್. ಎರಡನೆಯದರಲ್ಲಿ 3 ಅಂಟಿದೆ, 7 ಕೆಲವು ಸಲ ಸೇರುವುದಿಲ್ಲ. 7 ಅಂದರೆ ಹೈ ಪ್ರೆಶರ್ ಪಂಪಿನ ಕಾಂಟ್ಯಾಕ್ಟರ್. ಮೂರನೆಯದರಲ್ಲಿ 3 ಅಂಟಿದೆ, 7 ಪೂರ್ತಿ ಸತ್ತಿದೆ. ಅದೇ ಕಾರ್ಡಿನ ಒಂದು ಮೂಲೆಯಲ್ಲಿ ಟ್ರ್ಯಾಕ್ ಮೇಲೆ ಹಸಿರು ಹಸಿರು ಪುಡಿ ಕಾಣುತ್ತಿದೆ. ಉಳಿದ ಆರು ರಿಲೇ ಮೂರು ಕಾರ್ಡಿನಲ್ಲೂ ಚೆನ್ನಾಗಿವೆ.

ಇದನ್ನು ಮೊದಲೇ ನೋಡಬೇಕಿತ್ತು. ಪ್ರತಿ ಸಲ ಯಂತ್ರ ನಿಂತಾಗ ಬೇಗ ಶುರು ಮಾಡುವ ಅವಸರದಲ್ಲಿ ಹಳೆಯದನ್ನು ತೆಗೆದು ಡಬ್ಬಕ್ಕೆ ಹಾಕುತ್ತಿದ್ದೆ.

ಸೋಲ್ಡರ್‌ಕಡ್ಡಿ:

ನಾನು ಬೋರ್ಡ್ ರಿಪೇರಿ ಮಾಡುವವನು. ಸತ್ತ ರಿಲೇ ಬಿಚ್ಚಿ ನೋಡದೆ ನಾನು ಯಾವ ಕಾರ್ಡನ್ನೂ ವಾಪಸ್ ಕೊಡುವುದಿಲ್ಲ. ನೀವೂ ಬಿಚ್ಚಿ, ಕಷ್ಟ ಏನಿಲ್ಲ. ರಿಲೇಯನ್ನು ಕಾರ್ಡಿನಿಂದ ಕಿತ್ತು, ಪಕ್ಕಕ್ಕೆ ಮಲಗಿಸಿ, ತಳ ಮತ್ತು ಮುಚ್ಚಳ ಸೇರುವ ಗೆರೆಯ ಮೇಲೆ ಚೂಪು ಬ್ಲೇಡ್ ಎಳೆಯಿರಿ. ಒಂದೇ ಸಲಕ್ಕೆ ಒತ್ತಬೇಡಿ, ನಾಲ್ಕೂ ಕಡೆ ಎರಡು ಮೂರು ಸುತ್ತು ಬರಲಿ. ಅಂಟು ಬಿಟ್ಟುಕೊಂಡು ಮುಚ್ಚಳ ಮೇಲಕ್ಕೆ ಬರುತ್ತದೆ. ಒಳಗೆ ಕೆಂಪು ತಾಮ್ರದ ಕಾಯಿಲ್, ಅದರ ಮೇಲೆ ಒಂದು ಕಬ್ಬಿಣದ ತುಂಡು, ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಎರಡು ಬಿಳಿ ಗುಂಡಿ. ಆ ಗುಂಡಿಗಳೇ ಕಾಂಟ್ಯಾಕ್ಟ್. ಭೂತಗನ್ನಡಿ ಹಿಡಿದು ನೋಡಿ.

ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅದು ಮಾಮೂಲಿ ಸವೆತ. ಕರಗಿ ಒಂದಕ್ಕೊಂದು ಎಳೆದ ಹಾಗೆ ಮುಳ್ಳು ಎದ್ದಿದ್ದರೆ ಸೇರುವ ಹೊತ್ತಿಗೆ ಜಾಸ್ತಿ ಕರೆಂಟ್ ನುಗ್ಗಿದೆ. ಸುತ್ತಲೂ ಮುಚ್ಚಳದ ಒಳಗೆ ಕಪ್ಪು ಮಸಿ ಹಿಡಿದಿದ್ದರೆ ಬಿಡುವ ಹೊತ್ತಿಗೆ ಕಿಡಿ ತುಂಬಾ ಹೊತ್ತು ಉರಿದಿದೆ. ಒಂದು ಗುಂಡಿಯಲ್ಲಿ ಗುಳಿ, ಇನ್ನೊಂದರಲ್ಲಿ ಅದೇ ಅಳತೆಯ ಮೊಳಕೆ ಇದ್ದರೆ ಅದು ಡಿಸಿ ಲೋಡಿನ ಗುರುತು. ಡಿಸಿಯಲ್ಲಿ ಲೋಹ ಯಾವಾಗಲೂ ಒಂದೇ ಕಡೆಗೆ ಸಾಗುತ್ತದೆ.

10 ಆಂಪಿಯರ್ ವಿಷಯ. ಅದು ರೆಸಿಸ್ಟಿವ್ ಲೋಡಿಗೆ, ಅಂದರೆ ಹೀಟರಿನಂಥದ್ದಕ್ಕೆ ಬರೆದ ಲೆಕ್ಕ. ಕಾಂಟ್ಯಾಕ್ಟರ್ ಕಾಯಿಲ್, ಸೊಲೆನಾಯ್ಡ್ ವಾಲ್ವ್ ಇವಕ್ಕೆ ಬೇರೆಯೇ ವರ್ಗ ಇದೆ. ಎಸಿ ಆದರೆ ಎಸಿ-15, ಡಿಸಿ ಆದರೆ ಡಿಸಿ-13. ರಿಲೇಯ ಡೇಟಾಶೀಟ್‌ನಲ್ಲಿ ಆ ಸಾಲು ಹುಡುಕಿ. 10 ಆಂಪಿಯರ್ ರಿಲೇಗೆ ಅಲ್ಲಿ ಎರಡೋ ಮೂರೋ ಆಂಪಿಯರ್ ಬರೆದಿರುತ್ತಾರೆ. ಕೆಲವು ರಿಲೇಗೆ ಆ ಸಾಲೇ ಇರುವುದಿಲ್ಲ. ಅಂಥದ್ದನ್ನು ವಾಲ್ವ್‌ಗೆ ಹಾಕಬಾರದು.

ಏಣಿಚಿತ್ರ:

ಪ್ರೋಗ್ರಾಂ ಬರೆಯುವವನ ಕಡೆಯಿಂದ ಒಂದು ಪ್ರಶ್ನೆ. ನೊರೆ ಒಂದೇ ಸಮನೆ ಬರುತ್ತದಾ, ಅಥವಾ ಬಿಟ್ಟು ಬಿಟ್ಟು ಬರುತ್ತದಾ? ರಾಸಾಯನಿಕ ಉಳಿಸಲು ಸುಮಾರು ಜನ ಅದನ್ನು ಪಲ್ಸ್ ಮಾಡಿಸುತ್ತಾರೆ. ದಿನಕ್ಕೆ ಎಷ್ಟು ಕಾರು?

ತೊಳೆಮನೆ:

ಹೌದು, ಒಂದು ಸೆಕೆಂಡ್ ಆನ್, ಒಂದು ಸೆಕೆಂಡ್ ಆಫ್. ನೊರೆ ಹಾಕುವ ಹೊತ್ತು 40 ಸೆಕೆಂಡ್. ದಿನಕ್ಕೆ ಸರಾಸರಿ 120 ಕಾರು.

ಏಣಿಚಿತ್ರ:

ಹಾಗಾದರೆ ಲೆಕ್ಕ ಹಾಕೋಣ. ಒಂದು ಕಾರಿಗೆ 20 ಸಲ ಆನ್. ದಿನಕ್ಕೆ 2,400. ಇಂಥ ರಿಲೇಗೆ ಎರಡು ಆಯಸ್ಸು ಬರೆದಿರುತ್ತಾರೆ. ಲೋಡ್ ಇಲ್ಲದೆ ಬರೀ ಟಕ್ ಟಕ್ ಅಂದರೆ ಸಾಮಾನ್ಯವಾಗಿ ಒಂದು ಕೋಟಿ ಸಲ. ಪೂರ್ತಿ ಲೋಡ್ ಇಟ್ಟರೆ ಒಂದು ಲಕ್ಷ ಸಲ. ದಿನಕ್ಕೆ 2,400 ಅಂದರೆ ಒಂದು ಲಕ್ಷ ಮುಗಿಯುವುದು 42 ದಿನಕ್ಕೆ. ನಿಮ್ಮ ರಿಲೇ 75 ರಿಂದ 80 ದಿನ ಬಂದಿದೆ, ಅಂದರೆ ಹತ್ತಿರ ಹತ್ತಿರ 1,90,000 ಸಲ. ಅದು ಕಳಪೆ ರಿಲೇ ಅಲ್ಲ. ಪಾಪ, ದುಡಿದು ಸತ್ತಿದೆ.

ಆದರೆ 7ನೇ ರಿಲೇ ಈ ಲೆಕ್ಕಕ್ಕೆ ಸಿಗುತ್ತಿಲ್ಲ. ಪಂಪು ಒಂದು ಕಾರಿಗೆ ಎಷ್ಟು ಸಲ ಆನ್ ಆಗುತ್ತದೆ?

ತೊಳೆಮನೆ:

ಎರಡು ಸಲ. ಶುರುವಿನಲ್ಲಿ ಒಂದು, ಕೊನೆಗೆ ತೊಳೆಯುವಾಗ ಒಂದು.

ಏಣಿಚಿತ್ರ:

ಅಂದರೆ ದಿನಕ್ಕೆ 240. ವರ್ಷ ಬರಬೇಕಿತ್ತು. ಒಂದು ಕೆಲಸ ಮಾಡಿ. ನಿಮ್ಮ ಪ್ರೋಗ್ರಾಂ ನೋಡಿಕೊಳ್ಳುವವರಿಗೆ ಹೇಳಿ ಪ್ರತಿ ಔಟ್‌ಪುಟ್‌ಗೂ ಒಂದು ಕೌಂಟರ್ ಹಾಕಿಸಿ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಏಣಿಯಂಥ ಚಿತ್ರದಲ್ಲಿ ಒಂದೊಂದು ಮೆಟ್ಟಿಲು ಅಷ್ಟೇ. ಔಟ್‌ಪುಟ್ ಆಫ್‌ನಿಂದ ಆನ್‌ಗೆ ಹೋದಾಗಲೆಲ್ಲ ಒಂದು ಸೇರಬೇಕು, ಕರೆಂಟ್ ಹೋದರೂ ಅಳಿಯಬಾರದು. ಒಂದು ದಿನ ಓಡಿಸಿ ಸಂಜೆ ಎಂಟು ಸಂಖ್ಯೆ ಇಲ್ಲಿ ಹಾಕಿ. ನಮ್ಮ ಕಿವಿ ಬೇರೆ ಕಡೆ ಇರುತ್ತದೆ, ಕೌಂಟರ್ ಮಾತ್ರ ಒಂದನ್ನೂ ಬಿಡುವುದಿಲ್ಲ.

ಪಂಪುಪೈಪು:

ನಾನು ಕರೆಂಟಿನ ಕಡೆಯವನಲ್ಲ, ನೀರಿನ ಕಡೆಯವನು. ಆದರೂ ಹೇಳುತ್ತೇನೆ. ಆ ನೊರೆ ವಾಲ್ವ್ ಕಾಯಿಲ್ ಮೇಲೆ ಕೈ ಇಟ್ಟು ನೋಡಿದ್ದೀರಾ? ಪಕ್ಕದ ನೀರಿನ ವಾಲ್ವ್ ಮೇಲೂ ಇಟ್ಟು ಹೋಲಿಸಿ. ಎಸಿ ವಾಲ್ವ್ ಒಳಗಿನ ಪ್ಲಂಜರ್ (ಕಾಯಿಲ್ ಎಳೆಯುವ ಕಬ್ಬಿಣದ ಕಡ್ಡಿ) ಪೂರ್ತಿ ಮೇಲೆ ಹೋಗಿ ಕೂತರೆ ಮಾತ್ರ ಕರೆಂಟ್ ಇಳಿಯುತ್ತದೆ. ನಡುವೆ ಸುಣ್ಣದ ಪದರವೋ, ಉಬ್ಬಿದ ರಬ್ಬರೋ ಸಿಕ್ಕಿಕೊಂಡು ಅರ್ಧಕ್ಕೆ ನಿಂತರೆ, ಆನ್ ಮಾಡಿದ ಕ್ಷಣದಲ್ಲಿ ಎಳೆಯುವ ದೊಡ್ಡ ಕರೆಂಟನ್ನೇ ಎಳೆಯುತ್ತಾ ಇರುತ್ತದೆ. ಕಾಯಿಲ್ ಬಿಸಿಯಾಗುತ್ತದೆ, ಗುಂಯ್ ಅನ್ನುವ ಸದ್ದು ಬರುತ್ತದೆ. ಅರ್ಧ ತೆರೆದರೂ ನೊರೆ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ನೊರೆ ಲೈನಿನಲ್ಲಿ ಇದು ಜಾಸ್ತಿ. ಗಡಸು ನೀರಿಗೆ ಕ್ಷಾರದ ದ್ರಾವಣ ಸೇರಿದರೆ ಸುಣ್ಣ ಬೇಗ ಕೂರುತ್ತದೆ. ವಾಲ್ವ್‌ನ ರಬ್ಬರ್ ಆ ರಾಸಾಯನಿಕಕ್ಕೆ ಹೊಂದುವಂಥದ್ದಲ್ಲದಿದ್ದರೆ ಊದಿಕೊಳ್ಳುತ್ತದೆ.

ತಾಮ್ರತಂತಿ:

ಪಂಪುಪೈಪು ಅವರು ಹೇಳಿದ್ದು ಅಪ್ಪಟ ಸತ್ಯ. ಅದಕ್ಕೇ ನಾನು ಹೊಸ ಕಾರ್ಡ್ ಹಾಕುವ ಮುಂಚೆ ಪ್ರತಿ ಲೋಡನ್ನೂ ಕ್ಲ್ಯಾಂಪ್ ಮೀಟರಿನಿಂದ (ತಂತಿಯ ಸುತ್ತ ಹಿಡಿದು ಕರೆಂಟ್ ನೋಡುವ ಮೀಟರ್) ಅಳೆಯುತ್ತೇನೆ. ತೊಳೆಮನೆ ಸರ್, ಒಂದೇ ಮಾಡೆಲ್‌ನ ವಾಲ್ವ್‌ಗಳು ನಾಲ್ಕು ಇದ್ದರೆ ನಾಲ್ಕನ್ನೂ ಅಳೆದು ಪಕ್ಕಪಕ್ಕ ಬರೆಯಿರಿ. ಬೇರೆಯಾಗಿ ಕಾಣುವುದೇ ಕಳ್ಳ.

ಜೊತೆಗೆ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಸಿಕ್ಕರೆ ಕಾಯಿಲ್ ಮತ್ತು ವಾಲ್ವ್‌ನ ಲೋಹದ ಮೈ ನಡುವಿನ ಇನ್ಸುಲೇಶನ್ ನೋಡಿ. ನೀರು ಕುಡಿದ ಕಾಯಿಲ್ ಒಣಗಿದಾಗ ಸರಿ ಇರುತ್ತದೆ, ಒದ್ದೆ ಆದಾಗ ಸೋರುತ್ತದೆ. ಆದರೆ ದಯವಿಟ್ಟು, ಮೆಗ್ಗರ್ ಹಾಕುವ ಮುಂಚೆ ಆ ವೈರನ್ನು ಕಾರ್ಡಿನಿಂದ ಬಿಚ್ಚಿ ಪಕ್ಕಕ್ಕಿಡಿ. 500 ವೋಲ್ಟ್ ಕಾರ್ಡಿನೊಳಗೆ ಹೋದರೆ ನಾಲ್ಕನೇ ಕಾರ್ಡಿಗೆ ನೀವೇ ಕಾರಣ ಆಗುತ್ತೀರಿ.

ತೊಳೆಮನೆ:

ಮೂರು ದಿನ ಆಯಿತು, ಈಗ ಎಲ್ಲ ಹೇಳುತ್ತೇನೆ.

ರಿಲೇ ಬಿಚ್ಚಿದೆ. 3ನೇದರ ಗುಂಡಿಗಳು ಕರಗಿ, ಒಂದರ ಮೇಲಿನ ಬೆಳ್ಳಿ ಇನ್ನೊಂದಕ್ಕೆ ಮೆತ್ತಿಕೊಂಡು, ನಡುವೆ ಹಲ್ಲಿನಂಥ ಮುಳ್ಳು ಎದ್ದಿದೆ. 7ನೇದರ ಒಳಗೆ ಪೂರ್ತಿ ಮಸಿ. ಮುಚ್ಚಳದ ಒಳಗೋಡೆ ಬೆರಳಿಗೆ ಕಪ್ಪಾಗಿ ಅಂಟುತ್ತದೆ, ಗುಂಡಿಗಳು ಅರ್ಧ ಸವೆದು ತೆಳ್ಳಗಾಗಿವೆ.

ವಾಲ್ವ್‌ಗಳನ್ನು ಒಂದೊಂದಾಗಿ ಆನ್ ಮಾಡಿ ಹಿಡಿದು ಅಳೆದೆ. ನೀರು 0.8 ಆಂಪಿಯರ್. ವ್ಯಾಕ್ಸ್ 0.8. ಕೆಳಗಿನ ಸ್ಪ್ರೇ 0.8. ನೊರೆ 2.1! ಕಾಯಿಲ್ ಮೇಲೆ ಕೈ ಇಡಲು ಆಗಲಿಲ್ಲ. ಬಿಚ್ಚಿದರೆ ಪ್ಲಂಜರ್ ಸುತ್ತ ಬಿಳಿ ಸುಣ್ಣ, ತುದಿಯ ರಬ್ಬರ್ ಊದಿಕೊಂಡು ಅಣಬೆಯ ಟೋಪಿಯ ಹಾಗೆ ಆಗಿದೆ. ನೊರೆ ಬರುತ್ತಿದೆಯಲ್ಲ, ವಾಲ್ವ್ ಸರಿ ಇದೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ.

ಕೌಂಟರ್ ಹಾಕಿಸಿದೆ. ಆ ದಿನ ಬಂದದ್ದು 118 ಕಾರು. 3ನೇದು 2,360, ಲೆಕ್ಕಕ್ಕೆ ಸರಿಯಾಗಿ ಸಿಕ್ಕಿತು. ಉಳಿದವು ನೂರು ಇನ್ನೂರರ ಲೆಕ್ಕದಲ್ಲಿವೆ. 7ನೇದು 3,914. ಎರಡು ಸಲ ನೋಡಿದೆ, ತಪ್ಪು ಓದಿದೆನೋ ಅಂತ. 236 ಇರಬೇಕಿತ್ತು.

ಏಣಿಚಿತ್ರ:

ಇದೇ ಬೇಕಾಗಿತ್ತು! ಪಂಪು ನಿಲ್ಲಿಸುವ ಶರತ್ತು ಏನೇನಿದೆ ನೋಡಿ. ತೊಟ್ಟಿಯಲ್ಲಿ ನೀರು ಕಡಿಮೆ ಆದರೆ ಪಂಪು ನಿಲ್ಲಬೇಕು ಅಂತ ಒಂದು ಫ್ಲೋಟ್ ಸ್ವಿಚ್ ಇರಲೇಬೇಕು. ಅದು ಪಿಎಲ್‌ಸಿ ಇನ್‌ಪುಟ್‌ಗೆ ನೇರ ಬಂದು, ಯಾವ ಟೈಮರ್ ಇಲ್ಲದೆ ಪಂಪಿನ ಔಟ್‌ಪುಟ್ ಜೊತೆ ಸರಣಿಯಲ್ಲಿ ಕೂತಿದೆಯಾ?

ಹಾಗಿದ್ದರೆ ನಡೆಯುವುದು ಇಷ್ಟು. ನೀರು ಆ ಗುರುತಿನ ಹತ್ತಿರ ಬಂದಾಗ ತೊಟ್ಟಿಯ ಮೇಲ್ಮೈ ಸುಮ್ನೆ ನಿಂತಿರುವುದಿಲ್ಲ. ಪೈಪಿನಿಂದ ನೀರು ಬೀಳುತ್ತಿರುತ್ತದೆ, ಅಲೆ ಏಳುತ್ತದೆ. ಫ್ಲೋಟ್ ಆ ಅಲೆಯ ಮೇಲೆ ಕುಣಿಯುತ್ತದೆ. ಒಂದೊಂದು ಕುಣಿತಕ್ಕೂ ಪಂಪಿನ ಕಾಂಟ್ಯಾಕ್ಟರ್ ಬಿಟ್ಟು ಹಿಡಿಯುತ್ತದೆ. ಕಾಂಟ್ಯಾಕ್ಟರ್ ಹಿಡಿಯುವ ಕ್ಷಣದಲ್ಲಿ ಅದರ ಕಾಯಿಲ್ ಎಳೆಯುವುದು ಹಿಡಿದ ಮೇಲೆ ಬೇಕಾದ್ದರ ಹಲವು ಪಟ್ಟು. ಬಿಡುವಾಗ ಕಾಯಿಲ್‌ನಲ್ಲಿ ಕೂಡಿಟ್ಟ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಅದು ರಿಲೇಯ ಬಾಯಲ್ಲಿ ಕಿಡಿಯಾಗಿ ಹೋಗುತ್ತದೆ. ಆ ಮಸಿ ಅದರದ್ದೇ.

ತೊಳೆಮನೆ:

ಹೋಗಿ ನಿಂತು ಕೇಳಿದೆ. ಮಧ್ಯಾಹ್ನ ನಾಲ್ಕು ಕಾರು ಬೆನ್ನುಬೆನ್ನಿಗೆ ಬಂದಾಗ ತೊಟ್ಟಿ ಇಳಿಯಿತು. ಪ್ಯಾನೆಲ್ ಒಳಗೆ ಟಕಟಕ ಟಕಟಕ ಅಂತ ಹತ್ತು ಹದಿನೈದು ಸೆಕೆಂಡ್. ಬ್ರಷ್ ಸದ್ದಿನಲ್ಲಿ ಹೊರಗೆ ಏನೂ ಕೇಳುವುದಿಲ್ಲ. ಫ್ಲೋಟ್‌ಗೆ ಟೈಮರ್ ಇರಲಿಲ್ಲ, ನೀವು ಹೇಳಿದ ಹಾಗೆಯೇ ನೇರವಾಗಿತ್ತು.

ಪಂಪುಪೈಪು:

ಆ ಪಂಪಿನ ಮೋಟಾರನ್ನೂ ಒಮ್ಮೆ ನೋಡಿಸಿ ಸರ್. ನಿಮಗೆ ಕಾಣುತ್ತಿರುವುದು ರಿಲೇ ಮಾತ್ರ. ಆ ಟಕಟಕದ ಏಟು ಕಾಂಟ್ಯಾಕ್ಟರ್‌ಗೂ ಬಿದ್ದಿದೆ, ಮೋಟಾರಿನ ವೈಂಡಿಂಗ್‌ಗೂ ಬಿದ್ದಿದೆ. ಮೂರು ಫೇಸಿನ ಕರೆಂಟ್ ಸಮ ಇದೆಯಾ ಅಳೆಯಿರಿ. ಕಾಂಟ್ಯಾಕ್ಟರ್ ಬಿಚ್ಚಿ ಮುಖ್ಯ ಕಾಂಟ್ಯಾಕ್ಟ್‌ಗಳನ್ನು ನೋಡಿ. ತೊಟ್ಟಿಗೆ ನೀರು ಬೀಳುವ ಪೈಪಿನ ತುದಿಯನ್ನು ತಳದವರೆಗೆ ಇಳಿಸಿ, ಫ್ಲೋಟ್‌ಗೆ ಸುತ್ತ ತೂತುಗಳಿರುವ ಒಂದು ಪೈಪಿನ ತುಂಡು ಹೊದಿಸಿ. ಅಲೆ ಅರ್ಧ ಕಡಿಮೆ ಆಗುತ್ತದೆ.

ಏಣಿಚಿತ್ರ:

ಪ್ರೋಗ್ರಾಂನಲ್ಲಿ ಹೀಗೆ ಮಾಡಿಸಿ. ನೀರು ಕಡಿಮೆ ಅನ್ನುವ ಸಿಗ್ನಲ್ ಎರಡು ಸೆಕೆಂಡ್ ಒಂದೇ ಸಮನೆ ಇದ್ದರೆ ಮಾತ್ರ ಪಂಪು ನಿಲ್ಲಲಿ. ಅದಕ್ಕಿಂತ ಜಾಸ್ತಿ ಬೇಡ, ಪಂಪು ಒಣಗಿ ಓಡಬಾರದು. ನಿಂತ ಮೇಲೆ ನೀರು ಬಂದು ಮೂವತ್ತು ಸೆಕೆಂಡ್ ಆಗುವವರೆಗೆ ಮತ್ತೆ ಶುರು ಆಗಬಾರದು. ಎರಡು ಫ್ಲೋಟ್ ಇಡಲು ಜಾಗ ಇದ್ದರೆ ಇನ್ನೂ ಒಳ್ಳೆಯದು, ಕೆಳಗಿನದು ನಿಲ್ಲಿಸಲಿ, ಮೇಲಿನದು ಮುಟ್ಟಿದ ಮೇಲೆ ಶುರು ಆಗಲಿ.

ಸೋಲ್ಡರ್‌ಕಡ್ಡಿ:

ಇಷ್ಟಾದರೂ ಕಿಡಿ ಆರಿಸುವ ಕೆಲಸ ಬಾಕಿ ಇದೆ. 230 ವೋಲ್ಟ್ ಎಸಿ ಕಾಂಟ್ಯಾಕ್ಟರ್ ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ ಹಾಕಿ. 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡೂ ಸರಣಿಯಲ್ಲಿ. ಕೆಪಾಸಿಟರ್ ಎಕ್ಸ್2 ವರ್ಗದ್ದೇ ಆಗಿರಬೇಕು, ಅದು ಮೇನ್ಸ್‌ಗೆ ಅಂತಲೇ ಮಾಡಿದ್ದು. ಕಾಂಟ್ಯಾಕ್ಟರ್ ಮೇಲೆಯೇ ಸಿಕ್ಕಿಸುವ ರೆಡಿಮೇಡ್ ತುಂಡೂ ಸಿಗುತ್ತದೆ, ಅದು ಇನ್ನೂ ಸಲೀಸು.

ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಕಾಯಿಲ್‌ನ ಎರಡು ತುದಿಗೆ, ಕಾಯಿಲ್‌ನ ಹತ್ತಿರ. ಕಿಡಿಯ ಶಕ್ತಿ ಬರುವುದು ಕಾಯಿಲ್‌ನಿಂದ, ಅದನ್ನು ಅಲ್ಲೇ ಆರಿಸಬೇಕು. ರಿಲೇ ಕಾಂಟ್ಯಾಕ್ಟ್‌ನ ಅಡ್ಡಕ್ಕೆ ಹಾಕಿದರೆ ರಿಲೇ ಆಫ್ ಇದ್ದಾಗಲೂ ಕೆಪಾಸಿಟರ್ ಮೂಲಕ ಕರೆಂಟ್ ಸೋರುತ್ತದೆ. 0.1 ಮೈಕ್ರೋಫ್ಯಾರಡ್‌ಗೆ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದು ಸುಮಾರು 7 ಮಿಲಿಆಂಪಿಯರ್. ಸೂಚಕ ದೀಪ ಮಿಣುಕುತ್ತಲೇ ಇರುತ್ತದೆ, ಚಿಕ್ಕ ರಿಲೇ ಬಿಡುವುದೇ ಇಲ್ಲ.

ಹೊಸಗಾಲಿ:

ನನಗೆ ಒಬ್ಬರು ವಾಲ್ವ್‌ಗೆ ಒಂದು ಡಯೋಡ್ ಹಾಕು ಸಾಕು ಅಂದಿದ್ದರು. ನನ್ನ ನೀರಿನ ವಾಲ್ವ್‌ಗಳೂ 24 ವೋಲ್ಟ್ ಎಸಿ. ಹಾಕಬಹುದಾ?

ಸೋಲ್ಡರ್‌ಕಡ್ಡಿ:

ಹಾಕಲೇಬೇಡಿ! ಡಯೋಡ್ ಡಿಸಿ ಕಾಯಿಲ್‌ಗೆ ಮಾತ್ರ. ಎಸಿಗೆ ಅಡ್ಡ ಹಾಕಿದರೆ ಪ್ರತಿ ಆವರ್ತನದ ಒಂದು ಅರ್ಧದಲ್ಲಿ ನೇರ ಶಾರ್ಟ್. ಡಯೋಡ್ ಹೋಗುತ್ತದೆ, ಅದರ ಜೊತೆ ರಿಲೇಯೂ ಹೋಗುತ್ತದೆ. 24 ವೋಲ್ಟ್ ಎಸಿಗೆ ವ್ಯಾರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಬಿಡುವ ತುಂಡು) ಹಾಕಿ, 30 ವೋಲ್ಟ್ ಎಸಿಗೆ ಅಂತ ಬರೆದಿರುವಂಥದ್ದು.

ತಾಮ್ರತಂತಿ:

ಈಗ ಹಸಿರು ಪುಡಿಯ ವಿಷಯಕ್ಕೆ ಬರೋಣ. ಅದು ತಾಮ್ರದ ಕಿಲುಬು. ತೊಳೆಮನೆ ಸರ್, ಪ್ಯಾನೆಲ್ ಎಲ್ಲಿದೆ? ಕೇಬಲ್ ಮೇಲಿನಿಂದ ಒಳಗೆ ಬರುತ್ತದಾ, ಕೆಳಗಿನಿಂದಲಾ? ರಾಸಾಯನಿಕದ ಕ್ಯಾನ್‌ಗಳು ಎಲ್ಲಿ?

ತೊಳೆಮನೆ:

ಪ್ಯಾನೆಲ್ ತೊಳೆಯುವ ಜಾಗದ ಪಕ್ಕದ ಚಿಕ್ಕ ಕೋಣೆಯಲ್ಲಿದೆ. ಕ್ಯಾನ್‌ಗಳೂ ಅಲ್ಲೇ, ಪ್ಯಾನೆಲ್ ಕೆಳಗೆ. ಕೇಬಲ್ ಮೇಲಿನಿಂದ ಬರುತ್ತವೆ. ಬಾಗಿಲಿನ ರಬ್ಬರ್ ಚೆನ್ನಾಗಿದೆ, ಐಪಿ65 (ಧೂಳು, ನೀರಿನ ಧಾರೆ ತಡೆಯುವ ದರ್ಜೆ) ಪೆಟ್ಟಿಗೆ. ನೀರು ಒಳಗೆ ಹೋಗಲು ದಾರಿಯೇ ಇಲ್ಲ ಅಂದುಕೊಂಡಿದ್ದೆ.

ತಾಮ್ರತಂತಿ:

ನೀರು ಹೋಗಿಲ್ಲ, ಗಾಳಿ ಹೋಗಿದೆ. ದಿನವಿಡೀ ಪ್ಯಾನೆಲ್ ಬಿಸಿ ಇರುತ್ತದೆ, ಒಳಗಿನ ಗಾಳಿ ಹಿಗ್ಗಿ ಸಂದಿಗಳಿಂದ ಹೊರಗೆ ಹೋಗುತ್ತದೆ. ರಾತ್ರಿ ಆಫ್ ಮಾಡಿದಾಗ ತಣ್ಣಗಾಗಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಕೋಣೆಯ ಗಾಳಿ ಅಂದರೆ ತೇವ ಮತ್ತು ಚಕ್ರ ತೊಳೆಯುವ ಆಮ್ಲದ ಆವಿ. ಒಳಗೆ ಬಂದು ತಣ್ಣನೆ ಲೋಹದ ಮೇಲೆ ಬೆವರಾಗಿ ಕೂರುತ್ತದೆ. ಪೆಟ್ಟಿಗೆ ಬಿಗಿಯಾಗಿದೆ ಅಂತಲೇ ಆ ಬೆವರು ಆರುವುದೂ ಇಲ್ಲ. ದಿನಾ ಒಂದು ಉಸಿರು, ವರ್ಷಕ್ಕೆ ಮುನ್ನೂರು ಉಸಿರು.

ಕ್ಯಾನ್‌ಗಳನ್ನು ಇವತ್ತೇ ಆ ಕೋಣೆಯಿಂದ ಹೊರಗೆ ಹಾಕಿ. ಇದು ಬೇರೆಲ್ಲದಕ್ಕಿಂತ ಮುಂಚೆ ಆಗಬೇಕು. ಕೇಬಲ್‌ಗಳನ್ನು ಕೆಳಗಿನ ಗ್ಲ್ಯಾಂಡ್‌ಗೆ (ಕೇಬಲ್ ಬಿಗಿಯಾಗಿ ಒಳಗೆ ಹೋಗುವ ಬಾಯಿ) ತಂದು, ಒಳಗೆ ಹೋಗುವ ಮುಂಚೆ ಒಂದು ಬಾಗು ಕೊಡಿ, ಹನಿ ಅಲ್ಲೇ ತೊಟ್ಟಿಕ್ಕಲಿ. ಪ್ಯಾನೆಲ್ ಒಳಗೆ ಬೆವರು ತಡೆಯುವ ಚಿಕ್ಕ ಹೀಟರ್ ಇಡಿ, ರಾತ್ರಿ ಮೇನ್ ಆಫ್ ಮಾಡಿದರೂ ಅದಕ್ಕೆ ಕರೆಂಟ್ ಇರಲಿ. ಗಾಳಿ ಬಿಟ್ಟು ನೀರು ತಡೆಯುವ ವೆಂಟ್ ಪ್ಲಗ್ ಸಿಗುತ್ತದೆ, ಅದನ್ನು ತಳಕ್ಕೆ ಹಾಕಿ.

ನನಗೆ ಇದಕ್ಕಿಂತ ಜಾಸ್ತಿ ಭಯ ಆಗುವುದು ಬೇರೆ ಕಡೆ. ಒಂದೇ ಕಾರ್ಡಿನ ಮೇಲೆ 230 ವೋಲ್ಟೂ ಇದೆ, ವಾಲ್ವ್‌ಗೆ ಹೋಗುವ 24 ವೋಲ್ಟೂ ಇದೆ. ಕಿಲುಬು ಕಟ್ಟಿದ ಒದ್ದೆ ಬೋರ್ಡಿನ ಮೇಲೆ 230 ತೆವಳಿಕೊಂಡು 24ರ ಕಡೆಗೆ ಬರಬಹುದು. ಆ 24 ವೋಲ್ಟಿನ ತಂತಿಯ ತುದಿಯಲ್ಲಿ ಒದ್ದೆ ನೆಲದ ಮೇಲೆ ನಿಂತು ವಾಲ್ವ್ ಮುಟ್ಟುವ ಹುಡುಗ ಇದ್ದಾನೆ. ಇವೆರಡನ್ನೂ ಬೇರೆ ಬೇರೆ ಕಾರ್ಡಿಗೆ ಹಾಕಿಸಿ. ಇದನ್ನು ಕೈ ಮುಗಿದು ಹೇಳುತ್ತೇನೆ.

ತೊಳೆಮನೆ:

ಅಣ್ಣ, ಕ್ಯಾನ್‌ಗಳನ್ನು ಈಗಲೇ ತೆಗೆಸಿದೆ. ಎರಡು ಕಾರ್ಡ್ ಮಾಡಿಸುತ್ತೇನೆ. ನೊರೆಗೆ ಏನು ಮಾಡಲಿ? ವಾಲ್ವ್ ಹೊಸದು ಹಾಕಿದೆ, ಈಗ 0.8 ಇದೆ. ಆದರೆ ದಿನಕ್ಕೆ 2,400 ಸಲ ಅನ್ನುವುದು ಹಾಗೇ ಉಳಿಯಿತಲ್ಲ.

ತಾಮ್ರತಂತಿ:

ಸಾಲಿಡ್ ಸ್ಟೇಟ್ ರಿಲೇ ಬೇಕಾದ ಜಾಗ ಇದೇ. ನೊರೆಗೆ ಮಾತ್ರ ಹಾಕಿ. ಕಾಂಟ್ಯಾಕ್ಟ್ ಇಲ್ಲ, ಎಷ್ಟು ಸಲ ಆನ್ ಆದರೂ ಸವೆಯುವುದಿಲ್ಲ. ನಿಮ್ಮ ವಾಲ್ವ್ 0.8 ಆಂಪಿಯರ್‌ನದು, ಕೆಲವು ಮಿಲಿಆಂಪಿಯರ್ ಸೋರಿದರೆ ಅದಕ್ಕೆ ಲೆಕ್ಕವಿಲ್ಲ. ಅದರ ಮುಂದೆ ಒಂದು ಫ್ಯೂಸ್ ಇರಲಿ. ಫ್ಯೂಸ್ ಪ್ರತಿ ಔಟ್‌ಪುಟ್‌ಗೂ ಬೇರೆ ಬೇರೆ ಇರಬೇಕು. ಕಾಯಿಲ್ ಶಾರ್ಟ್ ಆದರೆ ಫ್ಯೂಸ್ ಹೋಗಲಿ, ಕಾರ್ಡಿನ ಟ್ರ್ಯಾಕ್ ಅಲ್ಲ.

ಪಂಪು, ಬ್ರಷ್, ಕಮಾನು ಇವಕ್ಕೆ ಸಾಕೆಟ್‌ನಲ್ಲಿ ಕೂರುವ ರಿಲೇ ಹಾಕಿಸಿ. ಹೋದರೆ ಒಂದನ್ನು ಕಿತ್ತು ಇನ್ನೊಂದು ಚುಚ್ಚಬಹುದು, ಪೂರ್ತಿ ಕಾರ್ಡ್ ಬದಲಿಸಬೇಕಿಲ್ಲ. ಕಾಂಟ್ಯಾಕ್ಟ್ ಬೆಳ್ಳಿ-ಟಿನ್ ಆಕ್ಸೈಡ್‌ನದ್ದು ಕೇಳಿ, ನುಗ್ಗುವ ಕರೆಂಟಿಗೆ ಅದು ಬೇಗ ಅಂಟುವುದಿಲ್ಲ.

ಇನ್ನೊಂದು ವಿಷಯ ಕೇಳಲೇಬೇಕು. ನಿಮ್ಮ ತುರ್ತು ನಿಲುಗಡೆ ಗುಂಡಿ ಎಲ್ಲಿಗೆ ಹೋಗುತ್ತದೆ? ಪಿಎಲ್‌ಸಿ ಇನ್‌ಪುಟ್‌ಗೆ ಮಾತ್ರವಾ?

ತೊಳೆಮನೆ:

ಹೌದು, ಇನ್‌ಪುಟ್‌ಗೆ. ಒತ್ತಿದರೆ ಎಲ್ಲ ನಿಲ್ಲುತ್ತದೆ.

ತಾಮ್ರತಂತಿ:

ರಿಲೇ ಅಂಟದಿದ್ದರೆ ನಿಲ್ಲುತ್ತದೆ. ಅಂಟಿದರೆ ನಿಲ್ಲುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇದು ಆಗಿದೆ. ಕಮಾನು ಮುಂದಕ್ಕೆ ಓಡಿಸುವ ರಿಲೇ ಅಂಟಿಕೊಂಡಿತು. ಹುಡುಗ ಗುಂಡಿ ಒತ್ತಿದ. ಪಿಎಲ್‌ಸಿ ಔಟ್‌ಪುಟ್ ಆಫ್ ಮಾಡಿತು, ದೀಪ ಆರಿತು, ಕಮಾನು ಮಾತ್ರ ಹೋಗುತ್ತಲೇ ಇತ್ತು. ಒಳಗೆ ಕಾರಿತ್ತು, ಕಾರಿನಲ್ಲಿ ಒಬ್ಬ ಹೆಂಗಸು ಇದ್ದರು. ನಾನು ಓಡಿ ಮೇನ್ ಬ್ರೇಕರ್ ಇಳಿಸಿದೆ. ಕಾರಿನ ಕನ್ನಡಿ ಮುರಿದು, ಬಾಗಿಲು ನೆಗ್ಗಿತ್ತು. ಅವರಿಗೆ ಏನೂ ಆಗಲಿಲ್ಲ. ಅವರ ಕೈ ನಡುಗುತ್ತಿದ್ದುದು ಇವತ್ತಿಗೂ ಕಣ್ಣ ಮುಂದೆ ಇದೆ.

ಆ ಗುಂಡಿ ಸೇಫ್ಟಿ ರಿಲೇ (ಸುರಕ್ಷತೆಗೆಂದೇ ಮಾಡಿದ ಬೇರೆ ರಿಲೇ) ಮೂಲಕ ಕಾಂಟ್ಯಾಕ್ಟರ್ ಕಾಯಿಲ್‌ಗಳ ಸಪ್ಲೈಯನ್ನೇ ಕತ್ತರಿಸಬೇಕು. ನಡುವೆ ಪಿಎಲ್‌ಸಿಯೂ ಇರಬಾರದು, ರಿಲೇ ಕಾರ್ಡೂ ಇರಬಾರದು. ಪಿಎಲ್‌ಸಿಗೆ ಸುದ್ದಿ ಹೋಗಲಿ, ಬೇಡ ಅನ್ನುವುದಿಲ್ಲ, ಆದರೆ ನಿಲ್ಲಿಸುವ ಕೆಲಸ ತಂತಿಯೇ ಮಾಡಲಿ. ಇದು ಆಗುವವರೆಗೆ ಯಂತ್ರ ಓಡಿಸಬೇಡಿ ಸರ್. ಒಂದು ದಿನದ ಕೆಲಸ.

ತೊಳೆಮನೆ:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾಳೆ ಯಂತ್ರ ನಿಲ್ಲಿಸಿ ಅದನ್ನೇ ಮೊದಲು ಮಾಡಿಸುತ್ತೇನೆ.

ತೊಳೆಮನೆ:

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಅದೇ ಕಾರ್ಡ್‌ಗಳು ಓಡುತ್ತಿವೆ. 24ಕ್ಕೆ ಒಂದು, 230ಕ್ಕೆ ಸಾಕೆಟ್ ರಿಲೇಗಳ ಸಾಲು. ತುರ್ತು ಗುಂಡಿ ಈಗ ಸಪ್ಲೈಯನ್ನೇ ಕತ್ತರಿಸುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಖಾಲಿ ಯಂತ್ರ ಓಡಿಸಿ, ಒತ್ತಿ ನೋಡುತ್ತೇವೆ. ಪಂಪಿನ ಕೌಂಟರ್ ನಿನ್ನೆ 244, ಕಾರು 121. ಎರಡು ಜಾಸ್ತಿ ಯಾಕೆ ಅಂತ ಹುಡುಕಿದೆ, ತೊಟ್ಟಿ ನಿಜವಾಗಿಯೂ ಎರಡು ಸಲ ಖಾಲಿ ಆಗಿತ್ತು. ನೊರೆ ವಾಲ್ವ್ ತಿಂಗಳಿಗೊಮ್ಮೆ ಬಿಚ್ಚಿ ಸುಣ್ಣ ತೆಗೆಯುತ್ತೇವೆ, ಕ್ಲ್ಯಾಂಪ್ ಹಾಕಿ ಬರೆದಿಡುತ್ತೇವೆ. ಪಂಪಿನ ಕಾಂಟ್ಯಾಕ್ಟರ್ ಬಿಚ್ಚಿದಾಗ ಅದೂ ಸವೆದಿತ್ತು, ಬದಲಿಸಿದೆ. ನಿಮ್ಮೆಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಹೊಸಗಾಲಿ:

ಇದನ್ನೆಲ್ಲ ಓದಿ ನಾನೂ ನನ್ನ ಸತ್ತ ರಿಲೇ ಬಿಚ್ಚಿದೆ. ಅದು 2ನೇದು, ಕಮಾನಿನ ಮೋಟಾರಿನ ಬ್ರೇಕ್ ಕಾಯಿಲ್‌ಗೆ ಹೋಗುತ್ತದೆ, 24 ವೋಲ್ಟ್ ಡಿಸಿ. ಒಂದು ಗುಂಡಿಯಲ್ಲಿ ಗುಳಿ, ಇನ್ನೊಂದರಲ್ಲಿ ಮೊಳಕೆ. ಸೋಲ್ಡರ್‌ಕಡ್ಡಿ ಅವರು ಬರೆದ ಹಾಗೆಯೇ ಇದೆ. ಬ್ರೇಕ್ ಹತ್ತಿರ ಡಯೋಡ್ ಹಾಕುವ ಜಾಗದಲ್ಲಿ ಕಪ್ಪಗೆ ಸುಟ್ಟ ಎರಡು ಕಾಲು ಮಾತ್ರ ಉಳಿದಿವೆ.

ಸೋಲ್ಡರ್‌ಕಡ್ಡಿ:

ಸಿಕ್ಕಿತಲ್ಲ! ಅಲ್ಲಿ ಡಯೋಡ್ ಇತ್ತು, ಸುಟ್ಟುಹೋಯಿತು, ಅಂದಿನಿಂದ ಕಿಡಿಯೆಲ್ಲ ರಿಲೇಗೆ ಬೀಳುತ್ತಿದೆ. ಸಪ್ಲೈ ಆಫ್ ಮಾಡಿ, ಮೊದಲು ಬ್ರೇಕ್ ಕಾಯಿಲ್‌ನ ಓಮ್ ಅಳೆದು ಅದರ ಮೇಲೆ ಬರೆದದ್ದಕ್ಕೆ ಹೋಲಿಸಿ, ಡಯೋಡ್ ಸುಮ್ನೆ ಸುಡುವುದಿಲ್ಲ. ಯಾರಾದರೂ ವೈರ್ ತಿರುಗಿಸಿ ಹಾಕಿದ್ದರೂ ಹೀಗಾಗುತ್ತದೆ. ಕಾಯಿಲ್ ಎಳೆಯುವುದು ಒಂದು ಆಂಪಿಯರ್ ಒಳಗಿದ್ದರೆ 1ಎನ್4007 ಸಾಕು. ಒಂದು ವಿಷಯ ಗಮನ ಇರಲಿ. ಡಯೋಡ್ ಇದ್ದರೆ ಕಾಯಿಲ್‌ನ ಕರೆಂಟ್ ನಿಧಾನಕ್ಕೆ ಇಳಿಯುತ್ತದೆ, ಕರೆಂಟ್ ಹೋದಾಗ ಹಿಡಿಯುವ ಬ್ರೇಕ್ ಆದ್ದರಿಂದ ಹಿಡಿಯುವುದು ಸ್ವಲ್ಪ ತಡ. ಹಾಗಾಗಿ ಹಾಕಿದ ಮೇಲೆ ಕಾರು ಇಲ್ಲದೆ ಓಡಿಸಿ, ಕಮಾನು ಎಲ್ಲಿ ನಿಲ್ಲುತ್ತದೆ ಅಂತ ಹಳಿಯ ಮೇಲೆ ಗುರುತು ಹಾಕಿ ನೋಡಿ. ಮುಂದೆ ಜಾರಿದರೆ ಡಯೋಡ್ ಜೊತೆ ಸರಣಿಯಲ್ಲಿ ಝೀನರ್ ಹಾಕಬೇಕಾಗುತ್ತದೆ. ಡಯೋಡಿನಲ್ಲಿ ಬಿಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ ಬರಬೇಕು. ಓಮ್ ಎಷ್ಟು ಬಂತು ಅಂತ ಹೇಳಿ, ನಾನು ಇಲ್ಲೇ ಇರುತ್ತೇನೆ.